ರಾಜ್ಯವನ್ನು ಬಿಟ್ಟುಕೊಡುವವರು ಯಾರು?

1948ನೆಯ ಇಸವಿಯ ಮಾರ್ಚ್ ತಿಂಗಳಿಗೆ ಮೊದಲು ರಬಕವಿಯಿಂದ ಬೀಳಗಿಗೆ ಹೊರಟ ಒಬ್ಬ ಸೀರೆ ವ್ಯಾಪಾರಿ ದಾರಿಯಲ್ಲಿ ಎಷ್ಟು ಸರಕಾರಗಳನ್ನು ದಾಟಬೇಕಾಗಿತ್ತೆಂಬುದನ್ನು ಲೆಕ್ಕ ಹಾಕಿದರೆ ಇಂದಿನವರಿಗೆ ನಗು ಬಂದೀತು. ರಬಕವಿ ಸಾಂಗಲಿ ಸಂಸ್ಥಾನದ್ದು. ಅದಕ್ಕೆ ಮೈಗೆ ಮೈ ತಾಗಿಸಿಕೊಂಡಿರುವ ಬನಹಟ್ಟಿ ಜಮಖಂಡಿಯದು. ಅಲ್ಲಿಂದ ದಕ್ಷಿಣಕ್ಕೆ ಇಳಿದು ಮಹಾಲಿಂಗಪುರಕ್ಕೆ ಬಂದರೆ ಮುಧೋಳದ ಘೋರ್ಪಡೆಯವರ ಆಳಿಕೆ. ಬೀಳಗಿ ಮಾತ್ರ ವಿಜಾಪುರ ಜಿಲ್ಲೆಗೆ, ಅಂದರೆ ನೇರವಾಗಿ ಇಂಗ್ಲಿಷರಿಗೆ ಸೇರಿದ್ದು. ಒಂದು ಚಕ್ಕಡಿ ಎರಡು ದಿನಗಳಲ್ಲಿ ನಾಲ್ಕು ರಾಜ್ಯಗಳ ಮಣ್ಣು ತುಳಿಯುತ್ತಿತ್ತು. ಎತ್ತುಗಳಿಗೆ ಅದರ ಅರಿವಿರಲಿಲ್ಲ; ಚಕ್ಕಡಿ ಹೊಡೆಯುವವನಿಗೂ ಬಹಳ ಇದ್ದಂತಿಲ್ಲ. ನಾಲ್ಕೂ ಕಡೆ ಅದೇ ಕರಿಮಣ್ಣು, ಅದೇ ಜೋಳ, ಅದೇ ಮಾತು, ಅದೇ ಬೀಗತನ.

ಈ ಸಂಸ್ಥಾನಗಳು ಚಿಕ್ಕವು ಎಂದು ನಾವು ಹೇಳುತ್ತೇವೆ. ಚಿಕ್ಕವು ಎಂದರೆ ಎಷ್ಟು ಚಿಕ್ಕವು? ಜಮಖಂಡಿಯ ವಿಸ್ತಾರ 524 ಚದರ ಮೈಲಿ. 1901ರ ಜನಗಣತಿಯಂತೆ ಅದರ ಪ್ರಜೆಗಳು ಒಂದು ಲಕ್ಷಕ್ಕೆ ಮಿಕ್ಕಿದ್ದರು. ಮುಧೋಳ 368 ಚದರ ಮೈಲಿ; ಜನ ಸುಮಾರು 63,000. ಶಾಂತ ಮಹಾಸಾಗರದಲ್ಲಿ, ಭೂಮಧ್ಯರೇಖೆಗೆ ತುಸು ದಕ್ಷಿಣಕ್ಕೆ, ನೌರು ಎಂಬ ಒಂದು ದ್ವೀಪವಿದೆ. ಅದರ ವಿಸ್ತಾರ 21 ಚದರ ಕಿಲೋಮೀಟರು, ಎಂದರೆ ಜಮಖಂಡಿ ಸಂಸ್ಥಾನದಲ್ಲಿ ಅಂಥ 60ಕ್ಕೂ ಹೆಚ್ಚು ದ್ವೀಪಗಳನ್ನು ಹರವಬಹುದಾಗಿತ್ತು. ಇಂದು ಅಲ್ಲಿರುವ ಜನ ಸುಮಾರು 12,000. ಬನಹಟ್ಟಿಯ ಕೆಲವು ಓಣಿಗಳಿಗೆ ಸಮ. ಆದರೆ ನೌರುವಿಗೆ ಒಂದು ಧ್ವಜವಿದೆ, 19 ಜನ ಸದಸ್ಯರ ಸಂಸತ್ತಿದೆ, ಆ ಸಂಸತ್ತು ಆರಿಸಿದ ಒಬ್ಬ ರಾಷ್ಟ್ರಾಧ್ಯಕ್ಷರಿದ್ದಾರೆ, 1999ರಿಂದ ವಿಶ್ವಸಂಸ್ಥೆಯಲ್ಲಿ ಭಾರತಕ್ಕೆಷ್ಟೋ ಅಷ್ಟೇ ಒಂದು ಮತವೂ ಇದೆ. ಜಮಖಂಡಿ ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು.

ಇದರಲ್ಲಿ ಯಾರ ಅದೃಷ್ಟ ಹೆಚ್ಚಿನದೆಂದು ತೂಗಿ ನೋಡುವುದು ನಮ್ಮ ಉದ್ದೇಶವಲ್ಲ. ನಾವು ಕೇಳಬೇಕೆಂದಿರುವುದು ಬೇರೊಂದು ಪ್ರಶ್ನೆ. ಒಂದು ಚಿಕ್ಕ ಜನಸಮುದಾಯಕ್ಕೆ ತನ್ನದೇ ಸರಕಾರವನ್ನು ಇಟ್ಟುಕೊಳ್ಳುವ ಹಕ್ಕು ಎಲ್ಲಿಂದ ಬರುತ್ತದೆ? ಆ ಹಕ್ಕನ್ನು ಬಿಟ್ಟುಕೊಡಬೇಕಾಗಿ ಬಂದಾಗ ಬಿಟ್ಟುಕೊಡುವ ಅಧಿಕಾರ ಯಾರದು? ಹೀಗೆ ಕೇಳಿದರೆ ಮುಗಿದುಹೋದ ಕಥೆಯನ್ನು ಕೆದಕಿದಂತೆ ಕಾಣಬಹುದು. ವಿಲೀನವಾಗಿ ಮುಕ್ಕಾಲು ಶತಮಾನ ಕಳೆಯಿತು. ಯಾರೂ ಸಂಸ್ಥಾನವನ್ನು ಮರಳಿ ಕೇಳುತ್ತಿಲ್ಲ. ಆದರೂ ದೂರದ ಊರಿನ ಯಾವುದೋ ಕಚೇರಿಯಲ್ಲಿ ಕುಳಿತವರು ನಮ್ಮ ಊರಿನ ಬಗ್ಗೆ ಒಂದು ನಿರ್ಣಯ ತೆಗೆದುಕೊಂಡಾಗಲೆಲ್ಲ ಈ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಮೊದಲು ಸುಲಭದ ಉತ್ತರಗಳನ್ನು ನೋಡೋಣ. ನೌರುವಿನ ಸುತ್ತ ಸಮುದ್ರವಿದೆ, ಅದು ತಾನೇ ಗೆರೆ ಎಳೆದುಕೊಟ್ಟಿದೆ; ಜಮಖಂಡಿಗೆ ಅಂಥ ಗೆರೆಯಿಲ್ಲ, ಆದ್ದರಿಂದ ಅದು ರಾಜ್ಯವಾಗಲಾರದು ಎನ್ನುವವರುಂಟು. ಇದು ನಕ್ಷೆ ನೋಡುವವರ ಮಾತು. ನೀರು ಸುತ್ತುವರಿದ ಮಾತ್ರಕ್ಕೆ ಹಕ್ಕು ಹುಟ್ಟುವುದಾದರೆ ಕೃಷ್ಣೆಯ ನಡುಗಡ್ಡೆಗಳಿಗೂ ಹುಟ್ಟಬೇಕು. ಇನ್ನು ಕೆಲವರು, ಇದೆಲ್ಲ ಬಲದ ಆಟ, ಇಂಗ್ಲಿಷರು ಇಟ್ಟದ್ದು ಉಳಿಯಿತು, ಬಿಟ್ಟದ್ದು ಹೋಯಿತು ಎನ್ನುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಅದು ನಿಜವಿದ್ದೀತು. ಆದರೆ ಏಕೆ ಹೀಗಾಯಿತೆಂಬುದಕ್ಕೂ ಹೀಗಾದದ್ದು ಸರಿಯೇ ಎಂಬುದಕ್ಕೂ ಅಂತರವಿದೆಯಷ್ಟೆ.

ಜಮಖಂಡಿ ರಾಜ್ಯವಾದದ್ದು ಹೇಗೆಂಬುದನ್ನು ಸ್ವಲ್ಪ ನೋಡಬೇಕು. ಪಟವರ್ಧನರು ಪೇಶವೆಯರ ಸರದಾರರು. ಅವರ ಮನೆತನದಲ್ಲಿ ಪಾಲುಗಳಾದವು. 1811ರಲ್ಲಿ ತಾಸಗಾಂವದ ಪಾಲು ಅಣ್ಣತಮ್ಮಂದಿರಲ್ಲಿ ಮತ್ತೆ ಒಡೆದು ಒಂದು ತಾಸಗಾಂವವಾಗಿ ಉಳಿಯಿತು, ಇನ್ನೊಂದು ಜಮಖಂಡಿಯಾಯಿತು. 1848ರಲ್ಲಿ ತಾಸಗಾಂವದ ಮನೆಯಲ್ಲಿ ವಾರಸುದಾರನಿಲ್ಲವಾಗಿ ಆ ರಾಜ್ಯವೇ ಇಂಗ್ಲಿಷರ ಪಾಲಾಯಿತು. ಒಂದು ತೊಟ್ಟಿಲು ತೂಗದ್ದಕ್ಕೆ ಒಂದು ರಾಜ್ಯ ಹೋಯಿತು; ಇನ್ನೊಂದು ಮನೆಯಲ್ಲಿ ತೊಟ್ಟಿಲು ತೂಗಿದ್ದಕ್ಕೆ ಮತ್ತೊಂದು ನೂರು ವರುಷ ಉಳಿಯಿತು. ಹುಬ್ಬಳ್ಳಿಯ ಹತ್ತಿರದ ಕುಂದಗೋಳವೂ ಜಮಖಂಡಿಗೆ ಸೇರಿದ್ದಿತು. ಸವಾಯಿ ಗಂಧರ್ವರಂಥ ಗವಾಯಿಗಳ ಆ ಊರಿಗೂ ಜಮಖಂಡಿಗೂ ಇದ್ದ ಸಂಬಂಧವೆಂದರೆ ಎರಡೂ ಒಂದೇ ಮನೆಯ ಪಾಲಿಗೆ ಬಂದದ್ದು ಮಾತ್ರ. ಹೊಲ ಹಂಚಿಕೊಳ್ಳುವಾಗ ಕೆರೆಯಾಚೆಯ ಒಂದು ಪಟ್ಟಿಯನ್ನೂ ಸೇರಿಸಿ ಕೊಡುವುದಿಲ್ಲವೆ, ಹಾಗೆ.

ಆದುದರಿಂದ ಇವು ಜನರು ಕಟ್ಟಿಕೊಂಡ ರಾಜ್ಯಗಳಲ್ಲ, ಮನೆತನಗಳ ಹಿಸ್ಸೆಗಳು. ನೌರುವಿನ ಮಾತು ಬೇರೆ. ಅಲ್ಲಿ ಹನ್ನೆರಡು ಕುಲಗಳ ಒಂದು ಜನಾಂಗವಿತ್ತು, ಅದಕ್ಕೆ ಬೇರೆಲ್ಲಿಯೂ ಆಡದ ಸ್ವಂತ ಭಾಷೆಯಿತ್ತು. ಈ ಶತಮಾನದ ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ರೋಗರುಜಿನಗಳಿಂದ ಅವರ ಸಂಖ್ಯೆ ತೀರ ಇಳಿದು, 1,500ಕ್ಕಿಂತ ಕಡಿಮೆಯಾದರೆ ಈ ಜನಾಂಗ ಉಳಿಯಲಾರದೆಂದು ಅಲ್ಲಿಯ ಆಡಳಿತಗಾರರೇ ಹೇಳಿದ್ದರು. 1932ರಲ್ಲಿ ಆ ಸಂಖ್ಯೆಯನ್ನು ಮುಟ್ಟಿಸಿದ ಕೂಸು ಹುಟ್ಟಿದ ದಿನವನ್ನು ಅವರು ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಜಪಾನರು 1,200 ಜನರನ್ನು ಟ್ರುಕ್ ದ್ವೀಪಗಳಿಗೆ ಸಾಗಿಸಿದರು. 1946ರ ಜನವರಿ 31ರಂದು ಅವರಲ್ಲಿ 737 ಜನ ಜೀವಂತವಾಗಿ ಮರಳಿದರು. 1968ರಲ್ಲಿ ಸ್ವಾತಂತ್ರ್ಯಕ್ಕೆ ಅವರು ಆರಿಸಿಕೊಂಡದ್ದು ಅದೇ ಜನವರಿ 31ನ್ನು. ಅಲ್ಲಿ ಒಂದು ಮನೆಯಲ್ಲಿ ಕೂಸು ಹುಟ್ಟಿದ್ದು ಜನಾಂಗ ಉಳಿಯಿತೆಂಬ ಲೆಕ್ಕಕ್ಕೆ. ಇಲ್ಲಿ ಅರಮನೆಯಲ್ಲಿ ಹುಟ್ಟಿದ್ದು ರಾಜ್ಯ ಉಳಿಯಿತೆಂಬ ಲೆಕ್ಕಕ್ಕೆ. ಎರಡೂ ಚಿಕ್ಕ ರಾಜ್ಯಗಳೇ. ಆದರೆ ಒಂದು ಜನರದು, ಇನ್ನೊಂದು ಮನೆಯದು.

ಇಲ್ಲಿಗೇ ವಾದ ಮುಗಿಯಿತೆನ್ನಬಹುದಾಗಿತ್ತು. ಆದರೆ ಜಮಖಂಡಿ ಮುಧೋಳಗಳ ಹಿರಿಯರು ಇಷ್ಟಕ್ಕೆ ಒಪ್ಪುವುದಿಲ್ಲ. "ಸಂಸ್ಥಾನದ ಕಾಲದಾಗ ಅರಸರ ಮುಂದ ನಿಂತು ಮಾತಾಡಬಹುದಿತ್ತು, ಈಗ ಯಾರ ಮುಂದ ನಿಲ್ಲೂದು?" ಎಂಬ ಮಾತು ಆ ಕಡೆ ಬಹಳ ಮನೆಗಳಲ್ಲಿ ಕೇಳಿಬರುತ್ತಿತ್ತು. ಈ ಮಾತನ್ನು ಹಳೆಯದೆಲ್ಲ ಚೆಂದವೆನ್ನುವ ಮುಪ್ಪಿನ ಚಪಲವೆಂದು ತಳ್ಳಿಬಿಡುವುದು ಉಚಿತವಲ್ಲ. ಆಳುವವನ ಮುಖ ಕಾಣುವಷ್ಟು ಹತ್ತಿರವಿರುವ ಸರಕಾರಕ್ಕೆ ಒಂದು ಬೆಲೆ ಇದ್ದೇ ಇದೆ. ತನ್ನ ಅರ್ಜಿ ಯಾವ ಮೇಜಿನ ಮೇಲೆ ಬಿದ್ದಿದೆಯೆಂದು ತಿಳಿಯದೆ ಐದಾರು ವರ್ಷ ಅಲೆದವನಿಗೆ ಆ ಬೆಲೆ ಚೆನ್ನಾಗಿ ಗೊತ್ತು.

ಆದರೆ ಆ ಹತ್ತಿರ ಎಂಥ ಹತ್ತಿರವಾಗಿತ್ತು? ಒಂದು ಉದಾಹರಣೆ. ಪುಣೆಯಲ್ಲಿ ಸರ್ ಪರಶುರಾಮಭಾವು ಕಾಲೇಜು ಎಂಬ ಹೆಸರಾಂತ ವಿದ್ಯಾಸಂಸ್ಥೆಯಿದೆ. 1916ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಆ ಕಾಲೇಜಿಗೆ ಜಮಖಂಡಿಯ ಅರಸರ ಹೆಸರು ಬಂದದ್ದು ಸಂಸ್ಥಾನದಿಂದ ಹೋದ ದೊಡ್ಡ ದೇಣಿಗೆಯಿಂದ. ವಿದ್ಯೆಗೆ ಕೊಟ್ಟದ್ದು, ಅದನ್ನು ಕೆಟ್ಟದ್ದೆನ್ನಲು ಯಾರಿಗೆ ಬಾಯಿ ಬಂದೀತು? ಆ ಕಾಲೇಜಿನಲ್ಲಿ ಕಲಿತವರು ಸಾವಿರಾರು. ಆದರೂ ಸಾವಳಗಿಯ ರೈತ ಜೋಳ ಮಾರಿ ಕಟ್ಟಿದ ಕಂದಾಯ ಪುಣೆಯ ಕಾಲೇಜಿಗೆ ಹೋಗಬೇಕೋ ಜಮಖಂಡಿಯಲ್ಲಿಯೇ ಒಂದು ಕಾಲೇಜಾಗಬೇಕೋ ಎಂದು ಯಾರನ್ನೂ ಕೇಳಿದ್ದಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ಅರಸರ ಮುಂದೆ ನಿಂತು ಮಾತಾಡಬಹುದಾಗಿತ್ತು, ನಿಜ. ಆದರೆ ಅದು ಬೇಡಿಕೊಳ್ಳುವ ಮಾತು, ಲೆಕ್ಕ ಕೇಳುವ ಮಾತಲ್ಲ. ಒಳ್ಳೆಯ ಅರಸನಿದ್ದರೆ ಬೇಡಿದ್ದು ದೊರೆಯುತ್ತಿತ್ತು. ಮುಧೋಳದ ಅರಸರು ಅಲ್ಲಿಯ ಬೇಟೆನಾಯಿಗಳ ತಳಿಯನ್ನು ಕಾಪಾಡಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದು ಹೇಳುತ್ತಾರೆ. ನಾಯಿಗಳಿಗೆ ಹೆಸರು ಬಂದಿತು, ಇಂದಿಗೂ ಇದೆ. ರನ್ನ ಹುಟ್ಟಿದ ಸೀಮೆಗೆ ಜಗತ್ತಿನಲ್ಲಿ ಹೆಸರು ತಂದವು ನಾಯಿಗಳೇ ಆದುವಲ್ಲ ಎಂದು ಯಾರಾದರೂ ಕೊರಗಿದರೆ ಅದು ಅರಸರ ತಪ್ಪಲ್ಲ, ನಮ್ಮದೂ ಇದ್ದೀತು.

ಹತ್ತಿರದ ಅರಸನಿಗೆ ತನ್ನ ಪ್ರಜೆಗಳನ್ನು ಕಾಯುವ ಶಕ್ತಿಯಾದರೂ ಇತ್ತೆ? 1857ರಲ್ಲಿ ಹಲಗಲಿಯಲ್ಲಿ ನಡೆದದ್ದನ್ನು ನೆನೆಯಬೇಕು. ಹಲಗಲಿ ಮುಧೋಳ ಸಂಸ್ಥಾನದ ಹಳ್ಳಿ. ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನು ಮಾಡಿದವರು ಇಂಗ್ಲಿಷರು. ಅದನ್ನು ಹಳ್ಳಿಗೆ ತಂದು ಸಾರಬೇಕಾದವರು ಮುಧೋಳದ ಆಡಳಿತದವರು. ಬೇಟೆಯೇ ಬಾಳಾಗಿದ್ದ ಬೇಡರು ಆಯುಧ ಕೊಡಲೊಲ್ಲೆವೆಂದರು. ನವೆಂಬರಿನಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಅವರ ಲಾವಣಿ ಆ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ತಮ್ಮದೇ ರಾಜ್ಯದ ಊರು ಉರಿಯುತ್ತಿರುವಾಗ ಮುಧೋಳದ ಅರಮನೆ ಏನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ಜನರಿಗೆ ಹತ್ತಿರದವನಾಗಿದ್ದ ಅರಸ ದೂರದವನ ಅಪ್ಪಣೆಯನ್ನು ಮುಟ್ಟಿಸುವ ಕೈಯಾಗಿದ್ದ. ಚಿಕ್ಕ ರಾಜ್ಯಗಳ ದುಃಖವೆಲ್ಲ ಈ ಒಂದು ಪ್ರಸಂಗದಲ್ಲಿ ಅಡಗಿದೆಯೆಂದು ನಮಗೆ ತೋರುತ್ತದೆ: ತೆರಿಗೆ ಎತ್ತುವಾಗ ಅದು ರಾಜ್ಯ, ಕಾಯಬೇಕಾದಾಗ ಬರಿಯ ಜಹಗೀರು.

ಹಾಗಾದರೆ ಚಿಕ್ಕದಾಗಿದ್ದು ನಿಜವಾಗಿ ಜನರದಾದ ರಾಜ್ಯ ನಮ್ಮ ಸೀಮೆಯಲ್ಲಿ ಇರಲೇ ಇಲ್ಲವೆ? ಒಂದು ಇತ್ತು, ಬಹಳ ಜನ ಅದನ್ನು ಮರೆತಿದ್ದಾರೆ. ವಿಜಾಪುರ ಸೀಮೆಯ ಗುಣದಾಳ ಔಂಧ ಸಂಸ್ಥಾನದ ಒಂದು ತಾಲೂಕಾಗಿತ್ತು. ಔಂಧ, ಕುಂಡಲ, ಆಟಪಾಡಿ, ಗುಣದಾಳ ಎಂದು ಅದರ ನಾಲ್ಕು ತುಂಡುಗಳು ನಾಲ್ಕು ಕಡೆ ಚದರಿದ್ದವು. ಗುಣದಾಳ ಕನ್ನಡದ ತುಂಡು. ಅಲ್ಲಿಯ ಅರಸರಾದ ಭವಾನರಾವ ಪಂತಪ್ರತಿನಿಧಿಯವರು 1939ರಲ್ಲಿ, ಗಾಂಧೀಜಿಯವರ ಸಲಹೆಯಂತೆ ರಚಿತವಾದ ಒಂದು ಸಂವಿಧಾನಕ್ಕೆ ತಲೆಬಾಗಿ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರು. ಹಳ್ಳಿಯವರು ಐವರ ಪಂಚಾಯತಿಯನ್ನು ಆರಿಸಬೇಕು. ಪಂಚಾಯತಿಗಳ ಅಧ್ಯಕ್ಷರು ಸೇರಿ ತಾಲೂಕಿನ ಸಮಿತಿ. ಅದರಿಂದ ಮೇಲಿನ ಶಾಸನಸಭೆ. ಸಣ್ಣಪುಟ್ಟ ವ್ಯಾಜ್ಯಗಳು ಊರಿನಲ್ಲೇ ತೀರಬೇಕು, ಕಂದಾಯದ ಒಂದು ಪಾಲು ಊರಿನಲ್ಲೇ ಉಳಿಯಬೇಕು. ಭಾರತದ ಮೊದಲ ಸಾರ್ವತ್ರಿಕ ಚುನಾವಣೆಗಿಂತ ಹತ್ತು ಹನ್ನೆರಡು ವರ್ಷ ಮುಂಚೆ, ವಿಜಾಪುರದ ಬಿಸಿಲಿನಲ್ಲಿ, ಗುಣದಾಳದ ಒಕ್ಕಲಿಗ ತನ್ನ ಸರಕಾರವನ್ನು ಬುಡದಿಂದ ಆರಿಸತೊಡಗಿದ್ದನೆಂಬುದು ಎಷ್ಟು ಜನಕ್ಕೆ ಗೊತ್ತು?

1948ರ ಮಾರ್ಚ್ 8ರಂದು ಔಂಧವೂ ಹೋಯಿತು, ಜಮಖಂಡಿಯೂ ಹೋಯಿತು, ಮುಧೋಳವೂ ಸಾಂಗಲಿಯೂ ಹೋದವು. ಮುಂಬಯಿ ಪ್ರಾಂತದಲ್ಲಿ ಎಲ್ಲವೂ ಒಂದೇ ಪಾತ್ರೆಗೆ ಬಿದ್ದವು. ಹಿಸ್ಸೆಯ ರಾಜ್ಯವೂ ಜನರ ರಾಜ್ಯವೂ ಅಂದಿನ ಲೆಕ್ಕದಲ್ಲಿ ಒಂದೇ ಆದವು. ವಿಲೀನ ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ಅಷ್ಟು ತುಂಡುಗಳನ್ನಿಟ್ಟುಕೊಂಡು ಒಂದು ಸೇತುವೆಯನ್ನೋ ಒಂದು ಆಸ್ಪತ್ರೆಯನ್ನೋ ಕಟ್ಟುವುದು ಸಾಧ್ಯವಿರಲಿಲ್ಲ. ಆದರೂ ಸರಿಯಾದ ಕೆಲಸದಲ್ಲಿಯೂ ಒಂದು ನಷ್ಟವಿರಬಹುದು. ಗುಣದಾಳದ ಪಂಚಾಯತಿ ಅಂಥ ನಷ್ಟ. ಅದನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ಪಂಚಾಯತಿ ರಾಜ್ಯವೆಂದು ಮುಂದೆ ನಾವು ದಶಕಗಳ ಕಾಲ ಭಾಷಣ ಮಾಡಿದೆವು, 1993ರಲ್ಲಿ ಸಂವಿಧಾನಕ್ಕೆ 73ನೆಯ ತಿದ್ದುಪಡಿ ತಂದೆವು. ನಡೆಯುತ್ತಿದ್ದ ಒಂದನ್ನು ನಿಲ್ಲಿಸಿ, ನಿಂತದ್ದನ್ನು ನಡೆಸಲು ನಲವತ್ತೈದು ವರ್ಷ ಹಿಡಿಯಿತು.

ಜಮಖಂಡಿಯ ಪಾಲಿಗೆ ವಿಲೀನದ ಕಾಗದಕ್ಕೆ ಒಪ್ಪಿಗೆ ಕೊಟ್ಟವರು ಇಬ್ಬರು: ಅರಸರಾದ ಶಂಕರರಾವ ಪಟವರ್ಧನರು ಮತ್ತು ದಿವಾನರಾದ ಬಿ. ಡಿ. ಜತ್ತಿಯವರು. ಜತ್ತಿಯವರು 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿದವರು. ಜಮಖಂಡಿಯಲ್ಲಿ ವಕೀಲಿ ಮಾಡಿ, 1940ರಲ್ಲಿ ಪುರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾಗಿ, ಸಂಸ್ಥಾನದ ಶಾಸನಸಭೆಗೆ ಆರಿಸಿಬಂದು ಮಂತ್ರಿಯಾದರು, 1948ರಲ್ಲಿ ದಿವಾನರು. ಜನರ ಕಡೆಯಿಂದ ಬಂದ ದಿವಾನರು ಕೆಲವೇ ದಿನಗಳಲ್ಲಿ ತಮ್ಮ ಪದವಿಯನ್ನೂ ಅದು ನಿಂತ ರಾಜ್ಯವನ್ನೂ ಒಟ್ಟಿಗೆ ಮುಗಿಸಿದರು. ಜನಮತ ತೆಗೆದುಕೊಳ್ಳಲಿಲ್ಲ. ಕೇಳಿದ್ದರೂ ಜನ ಹೂಂ ಎನ್ನುತ್ತಿದ್ದರೆನ್ನುವುದರಲ್ಲಿ ಸಂಶಯವಿಲ್ಲ. ಆದರೆ ಹೂಂ ಎನ್ನುತ್ತಾರೆಂದು ತಿಳಿದಿರುವುದು ಒಂದು, ಕೇಳಿ ಹೂಂ ಎನಿಸಿಕೊಳ್ಳುವುದು ಇನ್ನೊಂದು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಮನಸ್ಸು ನಮಗೆ ಗೊತ್ತು ಎನ್ನುವ ಹಿರಿಯರ ಮಾತಿನ ಹಾಗೆ ಇದು.

ಇದಕ್ಕೆ ಒಂದು ಸಮಾಧಾನವಿದೆ, ಅದು ಗಟ್ಟಿಯಾದದ್ದು. ಕೇಳದೆ ಸೇರಿಸಿದವರು ಸೇರಿಸಿದ ಮೇಲೆ ಕೇಳತೊಡಗಿದರು. 1952ರ ಚುನಾವಣೆಯಲ್ಲಿ ಜಮಖಂಡಿಯ ಪ್ರತಿಯೊಬ್ಬ ವಯಸ್ಕನಿಗೂ, ನೇಕಾರನಿಗೂ ಜೀತದವನಿಗೂ ಅವನ ಹೆಂಡತಿಗೂ, ಒಂದು ಮತ ಬಂತು. ಸಂಸ್ಥಾನದಲ್ಲಿ ಅವರಿಗೆ ಅದು ಇರಲಿಲ್ಲ. ಬಿಟ್ಟುಕೊಟ್ಟದ್ದು ಅರಸನ ಹಿಸ್ಸೆ, ದೊರೆತದ್ದು ತಮ್ಮ ಮತ. ಅದೇ ಜತ್ತಿಯವರು ಅಲ್ಲಿಂದಲೇ ಆರಿಸಿಬಂದು 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು, 1974ರಲ್ಲಿ ಉಪರಾಷ್ಟ್ರಪತಿಗಳು, 1977ರ ಫೆಬ್ರುವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಗಳು. ಆ ಐದು ತಿಂಗಳಲ್ಲಿ ಒಂದು ಪ್ರಸಂಗ ನಡೆಯಿತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಾಗದ ಏಪ್ರಿಲ್ ಕೊನೆಯಲ್ಲಿ ಅವರ ಮುಂದೆ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ಮಂತ್ರಿಮಂಡಲ ಒತ್ತಾಯಿಸಿದ ಮೇಲೆ ಹಾಕಿದರು. ಅಂದಿನ ಪತ್ರಿಕೆಗಳು ಇದರಲ್ಲಿ ಪಕ್ಷರಾಜಕಾರಣವನ್ನು ಕಂಡವು, ಅದು ಇದ್ದಿರಲೂಬಹುದು. ಆದರೆ ಒಮ್ಮೆ ಒಂದು ರಾಜ್ಯವನ್ನೇ ಮುಗಿಸುವ ಕಾಗದವನ್ನು ಕೈಯಲ್ಲಿ ಹಿಡಿದಿದ್ದ ಮನುಷ್ಯನಿಗೆ ಇಂಥ ಕಾಗದದ ತೂಕ ಉಳಿದವರಿಗಿಂತ ತುಸು ಹೆಚ್ಚಾಗಿ ತಿಳಿದಿದ್ದೀತೇ ಎಂದು ನಮಗೆ ಅನ್ನಿಸಿದೆ.

ಈಗ ನೌರುವಿಗೆ ಮರಳೋಣ. ಅಲ್ಲಿ ಬಿಟ್ಟುಕೊಡುವ ಪ್ರಶ್ನೆ ಎದ್ದಾಗ ಜನರನ್ನು ಕೇಳಿದರು, ಅವರು ಒಲ್ಲೆವೆಂದರು. ಆ ದ್ವೀಪದ ನಡುವೆ ಫಾಸ್ಫೇಟಿನ ದಪ್ಪ ಪದರವಿತ್ತು. 20ನೆಯ ಶತಮಾನದ ಆರಂಭದಿಂದ ಅದನ್ನು ಅಗೆದು ಆಸ್ಟ್ರೇಲಿಯ ನ್ಯೂಜಿಲೆಂಡುಗಳ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದರು. ಅಗೆದು ಮುಗಿದರೆ ಅಲ್ಲಿ ಬಾಳುವುದಕ್ಕೆ ಏನೂ ಉಳಿಯದೆಂದು ಕಂಡು, ಆಸ್ಟ್ರೇಲಿಯದವರು ತಮ್ಮ ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಎಲ್ಲರೂ ಬಂದುಬಿಡಿ, ಮನೆಮಠ ಕಟ್ಟಿಕೊಡುತ್ತೇವೆ, ನಮ್ಮ ನಾಗರಿಕರಾಗಿರಿ ಎಂದರು. ಆಗ ನೌರುವಿನ ಮೂಲನಿವಾಸಿಗಳು ಸುಮಾರು 2,500. ಹ್ಯಾಮರ್ ಡಿರೋಬರ್ಟ್ ಎಂಬವರು ಅವರ ಮುಖಂಡರು. ಬರುತ್ತೇವೆ, ಆದರೆ ಆ ದ್ವೀಪ ನಮ್ಮ ರಾಜ್ಯವಾಗಿರಬೇಕು ಎಂಬುದು ಅವರ ಪಟ್ಟು. ಆಸ್ಟ್ರೇಲಿಯ ಅದಕ್ಕೆ ಒಪ್ಪಲಿಲ್ಲ. 1964ರಲ್ಲಿ ಇವರು ಬೇಡವೆಂದರು. ಒಳ್ಳೆಯ ನೆಲ, ಒಳ್ಳೆಯ ಆಸ್ಪತ್ರೆ, ದೊಡ್ಡ ದೇಶದ ಆಶ್ರಯ ಎಲ್ಲವನ್ನೂ ಬಿಟ್ಟು, ಸವೆಯುತ್ತಿರುವ ಬಂಡೆಯ ಮೇಲೆ ಸ್ವಂತ ಸಂಸತ್ತನ್ನು ಆರಿಸಿಕೊಂಡರು.

ಆಮೇಲಿನದು ಸುಖದ ಕಥೆಯಲ್ಲ. 1970ರ ದಶಕದಲ್ಲಿ ತಲಾವಾರು ಲೆಕ್ಕದಲ್ಲಿ ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿ ನಿಂತ ಈ ಜನ ಮೆಲ್ಬರ್ನಿನಲ್ಲಿ 52 ಅಂತಸ್ತಿನ ಕಟ್ಟಡ ಕಟ್ಟಿಸಿದರು. 1993ರಲ್ಲಿ ಲಂಡನ್ನಿನಲ್ಲಿ ಲಿಯೊನಾರ್ಡೊ ಡ ವಿಂಚಿಯನ್ನು ಕುರಿತ ಒಂದು ಸಂಗೀತನಾಟಕಕ್ಕೆ ಹಣ ಹಾಕಿ ಕಳೆದುಕೊಂಡರು. ಪದರ ಮುಗಿಯಿತು, ಹಣ ಕರಗಿತು, ಕಟ್ಟಡ 2004ರಲ್ಲಿ ಸಾಲಗಾರರ ಪಾಲಾಯಿತು. ನೆಲದ ಐದರಲ್ಲಿ ನಾಲ್ಕು ಪಾಲು ಮೊನಚು ಕಲ್ಲುಗಳ ಕಾಡಾಗಿ ಉಳಿದಿದೆ. 2001ರಿಂದ ಆಸ್ಟ್ರೇಲಿಯಕ್ಕೆ ಬೇಡವಾದ ನಿರಾಶ್ರಿತರನ್ನು ಕೂಡಿಹಾಕುವ ಶಿಬಿರಗಳಿಗೆ ಜಾಗ ಕೊಟ್ಟು ಅದರ ಹಣದಿಂದ ಹೊಟ್ಟೆ ಹೊರೆದುಕೊಳ್ಳುವ ಗತಿಯೂ ಬಂತು.

ರಾಜಕಾರಣದ ಮಾತೂ ಅಷ್ಟೆ. ಅವರ ಮತದಾನದ ಪದ್ಧತಿ ಬಹಳ ಜಾಣತನದ್ದು: ಮತದಾರನು ಎಲ್ಲ ಉಮೇದುವಾರರಿಗೂ ಕ್ರಮ ಕೊಡಬೇಕು, ಮೊದಲನೆಯವನಿಗೆ ಒಂದು, ಎರಡನೆಯವನಿಗೆ ಅರ್ಧ, ಮೂರನೆಯವನಿಗೆ ಮೂರರಲ್ಲೊಂದು ಎಂದು ಎಣಿಕೆ. 1971ರಲ್ಲಿ ಬಂದ ಈ ಪದ್ಧತಿ ಈಗಲೂ ಇದೆ. ಇಷ್ಟಿದ್ದರೂ, ಗಟ್ಟಿಯಾದ ಪಕ್ಷಗಳಿಲ್ಲದ 18 ಜನರ ಸಭೆಯಲ್ಲಿ ಒಬ್ಬ ಇಬ್ಬರು ಆಚೆ ಸರಿದರೆ ಸರಕಾರ ಬೀಳುತ್ತಿತ್ತು. ಬರ್ನಾರ್ಡ್ ಡೊವಿಯೊಗೊ ಎಂಬವರು 2003ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಏಳು ಸಲ ಅಧ್ಯಕ್ಷರಾಗಿದ್ದರು. 2014ರಲ್ಲಿ ವಿರೋಧಪಕ್ಷದ ಐವರು ಸದಸ್ಯರನ್ನು ಸಭೆಯಿಂದ ಅಮಾನತು ಮಾಡಿದರು. ನಮ್ಮ ಹಳ್ಳಿಯ ರಾಜಕೀಯ ಕಂಡವರಿಗೆ ಇದೇನೂ ಆಶ್ಚರ್ಯವಲ್ಲ. ಎಲ್ಲರೂ ಎಲ್ಲರಿಗೂ ಬೇಕಾದವರಾಗಿರುವ ಊರಿನಲ್ಲಿ ವಿರೋಧಿಯೆಂದರೆ ಬೇರೆ ಅಭಿಪ್ರಾಯದವನಲ್ಲ. ಕಳೆದ ವರ್ಷ ತೊಟ್ಟಿಲ ಶಾಸ್ತ್ರಕ್ಕೆ ಬಾರದ ಭಾವಮೈದುನ. ದೊಡ್ಡ ರಾಜ್ಯದಲ್ಲಿ ಸೋತವನು ಗುಂಪಿನಲ್ಲಿ ಮರೆಯಾಗಿ ಬದುಕಬಹುದು. 21 ಚದರ ಕಿಲೋಮೀಟರಿನಲ್ಲಿ ಎಲ್ಲಿಗೆ ಹೋದಾನು? ಹತ್ತಿರದ ಸರಕಾರದಲ್ಲಿ ಬೆಚ್ಚಗಿರಬಹುದು, ಉಸಿರುಕಟ್ಟಲೂಬಹುದು.

ಹೀಗಿರಲು 1964ರಲ್ಲಿ ಆ ಜನ ತಪ್ಪು ಮಾಡಿದರೆನ್ನೋಣವೆ? ನಮಗೆ ಹಾಗೆ ಹೇಳಲು ಮನಸ್ಸು ಬಾರದು. ತನ್ನ ಮನೆಯನ್ನು ತಾನೇ ಕೆಡಿಸಿಕೊಳ್ಳುವುದಕ್ಕೂ ಇನ್ನೊಬ್ಬನ ಮನೆಯಲ್ಲಿ ಚೆನ್ನಾಗಿರುವುದಕ್ಕೂ ನಡುವೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲದಿದ್ದರೆ ಅದಕ್ಕೆ ಸ್ವಾತಂತ್ರ್ಯವೆಂಬ ಹೆಸರೇಕೆ? ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. 1964ರಲ್ಲಿ ಒಲ್ಲೆವೆಂದವರು ಹಣ ಉಂಡರು. 2004ರಲ್ಲಿ ಉಪವಾಸ ಬಿದ್ದವರು ಅವರ ಮಕ್ಕಳು. ಆ ಮಕ್ಕಳ ಪರವಾಗಿ ಒಲ್ಲೆವೆನ್ನಲು ಅವರಿಗೆ ಯಾರು ಅಧಿಕಾರ ಕೊಟ್ಟಿದ್ದರು? ಜಮಖಂಡಿಯ ಪ್ರಜೆಗಳನ್ನು ಕೇಳದೆ ಸಹಿ ಹಾಕಿದರೆಂದು ನಾವು ಮೇಲೆ ಆಕ್ಷೇಪಿಸಿದೆವಷ್ಟೆ. ಹುಟ್ಟದವರನ್ನಂತೂ ಯಾರೂ ಎಂದೂ ಕೇಳಿಲ್ಲ, ಕೇಳಲಾರರು. ಬಿಟ್ಟುಕೊಡುವಾಗಲೂ ಇಟ್ಟುಕೊಳ್ಳುವಾಗಲೂ ಇಂದಿನವರು ನಾಳಿನವರ ಪರವಾಗಿ ಸಹಿ ಹಾಕುತ್ತಾರೆ. ಆದ್ದರಿಂದ ಕೇಳಿ ಮಾಡಿದ್ದು ಎಂಬ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ. ಮುಂದಿನವರಿಗೆ ಮರಳಿ ಯೋಚಿಸಲು ಏನಾದರೂ ಉಳಿಸಿದ್ದೇವೆಯೆ ಎಂಬುದನ್ನೂ ನೋಡಬೇಕು. ಜಮಖಂಡಿಯವರು ಕಳೆದುಕೊಂಡ ರಾಜ್ಯದ ಬದಲಿಗೆ ಪ್ರತಿ ಐದು ವರ್ಷಕ್ಕೊಮ್ಮೆ ಮರುಯೋಚನೆಯ ಅವಕಾಶ ಪಡೆದರು. ನೌರುವಿನವರು ರಾಜ್ಯವನ್ನು ಉಳಿಸಿಕೊಂಡರು, ನೆಲವನ್ನು ಅಗೆದು ಮಾರಿದರು. ನೆಲವನ್ನು ಮರಳಿ ಪಡೆಯುವುದಾದರೂ ಹೇಗೆ?

ಹಾಗೆಂದು ದೊಡ್ಡ ರಾಜ್ಯದಲ್ಲಿ ಸೇರಿದವರ ನೆಲ ಕ್ಷೇಮವಾಗಿದೆಯೆಂದು ಹೇಳಿದರೆ ಬೀಳಗಿಯವರು ಬಿಡುವುದಿಲ್ಲ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಬೀಳಗಿ, ಬಾಗಲಕೋಟೆಗಳ ಹಳ್ಳಿಗಳನ್ನು ನುಂಗಿತು. ಮುಧೋಳ, ಜಮಖಂಡಿಗಳ ಅಂಚಿಗೂ ಬಂತು. ಹಳೆಯ ಬಾಗಲಕೋಟೆಯ ಎಷ್ಟೋ ಜನ ನವನಗರಕ್ಕೆ ಎದ್ದು ಬಂದರು. ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ನ್ಯಾಯಾಧಿಕರಣ ಅನುಮತಿ ಕೊಟ್ಟಿದೆ; ಏರಿದಾಗ ಇನ್ನಷ್ಟು ಊರುಗಳು. ನೀರು ಬೇಡವೆನ್ನುವವರು ಯಾರು? ವಿಜಾಪುರದ ಬರಡು ಹೊಲಗಳಿಗೆ ಅದು ಬೇಕು. ಒಬ್ಬನ ಊರು ಮುಳುಗದೆ ಇನ್ನೊಬ್ಬನ ಹೊಲ ನೆನೆಯದೆಂಬುದು ಸಾಮಾನ್ಯ ನ್ಯಾಯ. ಆದರೆ ನೌರು 1989ರಲ್ಲಿ, ತನ್ನ ನೆಲವನ್ನು ಅಗೆದು ಹಾಳುಗೆಡವಿದ್ದಕ್ಕೆ ಆಸ್ಟ್ರೇಲಿಯದ ಮೇಲೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಆಸ್ಟ್ರೇಲಿಯ 1993ರಲ್ಲಿ ಪರಿಹಾರ ಕೊಟ್ಟು ರಾಜಿಯಾಯಿತು. ಕೆಲವೇ ಸಾವಿರ ಜನರ ದೇಶ ಒಂದು ಖಂಡವನ್ನು ಕಟಕಟೆಗೆ ಎಳೆಯಿತು. ಬೀಳಗಿಯ ಹಳ್ಳಿ ಹಾಗೆ ನಿಲ್ಲಲಾರದು. ಅಲ್ಲಿ ನ್ಯಾಯಾಲಯಕ್ಕೆ ಹೋಗುವವನು ಊರಲ್ಲ, ಒಬ್ಬೊಬ್ಬ ಖಾತೆದಾರ. ಕೇಳುವುದು ಎಕರೆಗೆ ಇಷ್ಟೆಂಬ ಬೆಲೆ. ಗುಡಿಗೆ, ಗೋರಿಗೆ, ಊರ ಅಗಸೆಗೆ, ಓಣಿಯ ನೆರೆಹೊರೆಗೆ ಯಾವ ಎಕರೆ? ರಾಜ್ಯವೆಂಬುದು ಕೊಡುವ ದೊಡ್ಡ ವಸ್ತು ಧ್ವಜವೂ ಅಲ್ಲ, ಅಧ್ಯಕ್ಷರ ಕುರ್ಚಿಯೂ ಅಲ್ಲ. ಒಂದು ಜನ ಒಟ್ಟಾಗಿ ಒಬ್ಬನಂತೆ ನಿಂತು ಮಾತಾಡುವ ಯೋಗ್ಯತೆ. ವಿಲೀನದಲ್ಲಿ ಸಂಸ್ಥಾನಗಳು ಕಳೆದುಕೊಂಡದ್ದು ಅದನ್ನಲ್ಲ, ಏಕೆಂದರೆ ಅವುಗಳಿಗೆ ಅದು ಇರಲಿಲ್ಲ. ಆದರೆ ದೊಡ್ಡ ರಾಜ್ಯವೂ ತನ್ನ ಹಳ್ಳಿಗಳಿಗೆ ಅದನ್ನು ಇನ್ನೂ ಕೊಟ್ಟಿಲ್ಲ.

ಅದೇ 1989ರಲ್ಲಿ ಜಮಖಂಡಿ ತಾಲೂಕಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಕೃಷ್ಣೆಗೆ ಚಿಕ್ಕಪಡಸಲಗಿಯ ಹತ್ತಿರ ಒಂದು ಬ್ಯಾರೇಜು ಬೇಕೆಂದು ರೈತರು ಸರಕಾರವನ್ನು ಕೇಳಿ ಕೇಳಿ ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು ಕಟ್ಟಿಬಿಟ್ಟರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಅಲ್ಲಿ ರಾಜನೂ ಇರಲಿಲ್ಲ, ಸಂಸತ್ತೂ ಇರಲಿಲ್ಲ. ಹೊಳೆಯ ದಂಡೆಯ ರೈತರ ಒಂದು ಸಂಘವಿತ್ತು. ಆ ನ್ಯಾಮಗೌಡರು ಎರಡು ವರ್ಷದ ಮೇಲೆ, 1991ರ ಲೋಕಸಭೆಯ ಚುನಾವಣೆಯಲ್ಲಿ, ಹಿಂದೆ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರನ್ನೇ ಬಾಗಲಕೋಟೆಯಲ್ಲಿ ಸೋಲಿಸಿದರು. ಪ್ರಶ್ನೆ ಕೇಳುವವರು ಇಲ್ಲಿಯೂ ಇದ್ದಾರೆ: ಸರಕಾರ ಮಾಡಬೇಕಾದ ಕೆಲಸವನ್ನು ತೆರಿಗೆ ಕೊಟ್ಟ ರೈತನೇ ಮತ್ತೆ ಕೈಯಿಂದ ಹಣ ಹಾಕಿ ಮಾಡಿದರೆ ತೆರಿಗೆ ಯಾತಕ್ಕೆ? ಪ್ರಶ್ನೆ ಸರಿಯಾದದ್ದೇ. ಆದರೆ ಗುಣದಾಳದ ಪಂಚಾಯತಿ ಸತ್ತು ನಲವತ್ತು ವರ್ಷಗಳ ಮೇಲೆ, ಅದರ ಹತ್ತಿರದ ಸೀಮೆಯಲ್ಲಿಯೇ, ಯಾರ ಅಪ್ಪಣೆಯೂ ಇಲ್ಲದೆ ಅಂಥದೊಂದು ಎದ್ದು ನಿಂತದ್ದನ್ನು ಕಂಡಾಗ ನಮಗೆ ಆದ ಸಂತೋಷ ಈ ಪ್ರಶ್ನೆಯಿಂದ ಕಡಿಮೆಯಾಗುವುದಿಲ್ಲ.

ಇತ್ತೀಚೆಗೆ ರಬಕವಿ-ಬನಹಟ್ಟಿ ಬೇರೆ ತಾಲೂಕಾಯಿತು. ಸಾಂಗಲಿಯ ಊರೂ ಜಮಖಂಡಿಯ ಊರೂ ನಡುವೆ ಒಂದು ಅಡ್ಡಗೆರೆ ಹಾಕಿಕೊಂಡು ಒಂದೇ ಹೆಸರಾಗಿವೆ. ತೇರದಾಳದವರು ತಮಗೂ ತಾಲೂಕು ಬೇಕೆಂದು ಧರಣಿ ಕುಳಿತರು. ಜಮಖಂಡಿಯವರು ತಮ್ಮದು ಜಿಲ್ಲೆಯಾಗಬೇಕೆಂದು ಕೇಳುತ್ತ ಬಂದಿದ್ದಾರೆ. ಒಂದು ಕಚೇರಿ ತಮ್ಮ ಊರಿಗೆ ಬರಲಿ, ಒಬ್ಬ ಅಧಿಕಾರಿಯ ಮುಖ ತಮಗೆ ಕಾಣುವಂತಾಗಲಿ ಎಂಬುದಷ್ಟೇ ಅವರ ಬೇಡಿಕೆ. ಆ ಅಧಿಕಾರಿಯನ್ನು ಕಳಿಸುವವರು ಬೆಂಗಳೂರಿನವರು. ಅವನು ಲೆಕ್ಕ ಒಪ್ಪಿಸುವುದೂ ಬೆಂಗಳೂರಿಗೆ.